ಮಾಲ್ಟೋಸ್ ಪಾಕವೂ ನನ್ನ ದವಡೆ ಹಲ್ಲೂ

ನನ್ನ ಬಾಯಲ್ಲಿ ಬಲಗಡೆ ಎರಡು ದವಡೆ ಹಲ್ಲಿಲ್ಲ. ಎಡಗಡೆ ಇರುವುದರಲ್ಲಿ ಒಂದಕ್ಕೆ ಟೋಪಿ ಹಾಕಿಸಿದ್ದೇನೆ. ಕಾರ್ಖಾನೆಯ ಕೆಲಸದ ಬಗ್ಗೆ ಬರೆಯುವಾಗ ಹಲ್ಲಿನ ಮಾತೇಕೆ ಎಂದು ಕೇಳಬೇಡಿ. ಅದು ತಾನಾಗಿಯೇ ಬರುತ್ತದೆ.

ತಾಂಡವಪುರದ ಹತ್ತಿರ, ನಂಜನಗೂಡಿನ ರಸ್ತೆಯಿಂದ ಸ್ವಲ್ಪ ಒಳಗೆ, ತಗಡಿನ ಚಾವಣಿಯ ಶೆಡ್ಡಿನಲ್ಲಿ ನಾವು ಮಾಲ್ಟೋಸ್ ಪಾಕ ತೆಗೆಯುತ್ತಿದ್ದೆವು. ಅಕ್ಕಿ ನುಚ್ಚಿನ ಗಂಜಿ ಕಾಯಿಸಿ, ಹದವಾದ ಬಿಸಿಯಲ್ಲಿ ಅದಕ್ಕೆ ಮೊಳಕೆ ಧಾನ್ಯದ ಹಿಟ್ಟು ಬೆರೆಸಿದರೆ, ಮೊಳಕೆಯೊಳಗಿನ ಸತ್ವ ಗಂಜಿಯ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಅದೇ ಮಾಲ್ಟೋಸ್. ಸೋಸಿ ಕುದಿಸಿ ಇಳಿಸಿದರೆ ಜೇನಿನಂಥ ಪಾಕ. ಸಿಹಿಯಲ್ಲಿ ಸಕ್ಕರೆಯ ಅರ್ಧಕ್ಕೂ ಬಾರದು. ಆದರೂ ಚಿಕ್ಕಿ ಮಾಡುವವರಿಗೆ ಅದು ಬೇಕು. ಬೆಲ್ಲದ ಪಾಕಕ್ಕೆ ಸೇರಿಸಿದರೆ ಹರಳುಗಟ್ಟುವುದಿಲ್ಲ, ಮಳೆಗಾಲದಲ್ಲಿ ಚಿಕ್ಕಿ ಬೆವರುವುದು ಕಡಿಮೆ. ಬೇಕರಿಯವರಿಗೂ ಬೇಕು. ಬನ್ನಿನ ಮೈಗೆ ಕೆಂಪು ಬರುತ್ತದೆ, ಮಾರನೆಯ ದಿನವೂ ಮೆತ್ತಗಿರುತ್ತದೆ.

ಮೊಳಕೆಯ ಸತ್ವವನ್ನು ನಮ್ಮ ಯಜಮಾನರು ಕ್ಯಾನಿನಲ್ಲಿ ತರಿಸುತ್ತಿದ್ದರು. ಕ್ಯಾನು ಬೇಡ, ಪಕ್ಕದ ಹದಿನಾರು ಎಂಬ ಹಳ್ಳಿಯ ಹೆಂಗಸರ ಸಂಘದಿಂದ ಮೊಳಕೆ ರಾಗಿ ತರೋಣ ಎಂದವನು ನಾನು. ಉತ್ಪಾದನೆ ನನ್ನ ಜವಾಬ್ದಾರಿ ಆಗಿತ್ತು, ಚಿಂತೆ ನನ್ನ ಸ್ವಭಾವ ಆಗಿತ್ತು. ಎರಡೂ ಸೇರಿದ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅಂಗೈಯಷ್ಟು ಮಾದರಿ ತರಿಸಿ ಸಣ್ಣ ಪಾತ್ರೆಯಲ್ಲಿ ಮಾಡಿ ತೋರಿಸಿದೆ. ಪಾಕ ಬಂತು. ಯಜಮಾನರು ರುಚಿ ನೋಡಿ ಹೇಳಿದರು:

"ನೋಡಿ, ಮೂರು ಕೊಪ್ಪರಿಗೆ. ಮೂರರಲ್ಲಿ ಒಂದ್ರಲ್ಲಾದ್ರೂ ಸರಿಯಾಗಿ ಪಾಕ ಬಂದ್ರೆ ರಾಗಿ. ಬರ್ಲಿಲ್ಲ ಅಂದ್ರೆ ಕ್ಯಾನು. ಆಮೇಲೆ ನನ್ನ ಹತ್ರ ಹಳ್ಳಿ, ಹೆಂಗಸರು, ಸಂಘ ಅಂತ ಬರ್ಬೇಡಿ."

ನಾನು ಹದಿನಾರಿಗೆ ಹೋಗಿ ಆ ಮಾತಿನ ಮೊದಲರ್ಧವನ್ನಷ್ಟೇ ಹೇಳಿ ಬಂದೆ. ನನ್ನ ಮಾತು ನಂಬಿ ಹನ್ನೆರಡು ಹೆಂಗಸರು ಕಬ್ಬಿನ ಗದ್ದೆಯ ಕೂಲಿ ಬಿಟ್ಟರು. ಸಂಘದ ಕಟ್ಟಡದ ತಾರಸಿಯ ಮೇಲೆ ಬಿದಿರಿನ ಅಟ್ಟಣೆ ಕಟ್ಟಿ, ಬಲೆ ಬಿಗಿದು ರಾಗಿ ಒಣಗಿಸಲು ನಿಂತರು.

ಮೊದಲನೆಯ ಕೊಪ್ಪರಿಗೆಯ ದಿನ ಗಂಜಿ ಕಾದು ನುಣ್ಣಗಾಯಿತು. ಅರವತ್ತೆರಡು ಡಿಗ್ರಿಗೆ ಆರಿಸಿ ರಾಗಿ ಹಿಟ್ಟು ಸುರಿದೆವು. ಹಿಟ್ಟಿನ ಘಮ ಶೆಡ್ಡನ್ನೆಲ್ಲ ತುಂಬಿತು. ಮುಚ್ಚಿ ಗೋಣಿಚೀಲ ಹೊದಿಸಿದೆವು. ಅರ್ಧ ಗಂಟೆಯಲ್ಲಿ ಗಂಜಿ ನೀರಾಗಬೇಕು. ಆಗಲಿಲ್ಲ. ಒಂದು ಗಂಟೆ ಆಯಿತು, ಮೂರು ಗಂಟೆ ಆಯಿತು. ಬಿಳಿ ತಟ್ಟೆಯ ಮೇಲೆ ಒಂದು ಹನಿ ಇಟ್ಟು ಅಯೋಡಿನ್ ಬಿಟ್ಟೆ. ಪಿಷ್ಟ ಉಳಿದಿದ್ದರೆ ನೀಲಿ ಬರುತ್ತದೆ. ಮಸಿ ಕುಡಿಕೆ ಉರುಳಿದಂತೆ ಬಂತು.

ಕೊಪ್ಪರಿಗೆಯ ಮುಂದೆ ನಿಲ್ಲುವವನು ಹುಲ್ಲಹಳ್ಳಿಯ ಕಡೆಯವನು. ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡಿ ಕೈ ಪಳಗಿದವನು. ಉಪಕರಣಗಳನ್ನು ನಂಬುವವರೆಂದರೆ ಅವನಿಗೆ ಆಗದು. ಕಲಕುವ ಮರದ ಹುಟ್ಟನ್ನು ಗಂಜಿಯೊಳಗೆ ನೆಟ್ಟು ಕೈಬಿಟ್ಟ. ಹುಟ್ಟು ನೆಟ್ಟಗೆ ನಿಂತಿತು.

"ಸಾ, ಪೋಸ್ಟರ್ ಅಂಟ್ಸೋರ್ಗೆ ಏಳ್ಕಳ್ಸಿ. ಎಲೆಕ್ಷನ್ ಬತ್ತಾ ಅದೆ."

"ಬಿಸಿ ಜಾಸ್ತಿ ಇದ್ದಾಗ ಹಿಟ್ಟು ಹಾಕಿದ್ದೀಯ. ಸತ್ವ ಸುಟ್ಟುಹೋಗಿದೆ," ಎಂದೆ.

"ನೀವೇ ಅಲ್ವಾ ಸಾ ಕಡ್ಡಿ ಅದ್ದಿ ಅರವತ್ತೆರಡು ಅಂದಿದ್ದು?"

ಹೌದು, ನಾನೇ. ಆದರೂ ಅವನದೇ ತಪ್ಪೆಂದು ಬರೆದುಕೊಂಡೆ. ಗಂಜಿ ತಾಂಡವಪುರದ ಎಮ್ಮೆಗಳಿಗೆ ಹೋಯಿತು. ಎರಡು ದಿನ ಅವನು ನನ್ನನ್ನು ಕಂಡಾಗಲೆಲ್ಲ ಎಮ್ಮೆಯ ಹಾಗೆ ಮೆಲುಕು ಹಾಕಿ ತೋರಿಸಿದ.

ಎರಡನೆಯ ಕೊಪ್ಪರಿಗೆಗೆ ಎರಡು ಥರ್ಮಾಮೀಟರ್ ಹಿಡಿದು ನಿಂತೆ. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡಲಿ ಎಂದು. ಎರಡೂ ಒಂದೇ ಮಾತು ಹೇಳಿದವು, ಅರವತ್ತೆರಡು. ಹಿಟ್ಟನ್ನು ನಾನೇ ಸುರಿದೆ. ಮೂರು ಗಂಟೆ ಪಕ್ಕದಲ್ಲೇ ನಿಂತೆ. ಊಟಕ್ಕೂ ಹೋಗಲಿಲ್ಲ. ಹನಿ ಇಟ್ಟರೆ ಮತ್ತೆ ನೀಲಿ. ಯಜಮಾನರು ಬಂದು ತಟ್ಟೆ ನೋಡಿ, "ಚೆನ್ನಾಗಿದೆ ಬಣ್ಣ. ಗೋಡೆಗೆ ಹೊಡೀಬಹುದು," ಎಂದು ಹೋದರು.

ಈಗ ಕೊಪ್ಪರಿಗೆಯವನನ್ನು ದೂರುವಂತಿರಲಿಲ್ಲ. ನನ್ನನ್ನು ದೂರಿಕೊಳ್ಳುವ ಯೋಚನೆ ಆ ದಿನ ಬರಲಿಲ್ಲ. ಉಳಿದದ್ದು ನುಚ್ಚು.

ನುಚ್ಚು ಬರುತ್ತಿದ್ದುದು ತಿರುಮಕೂಡಲು ನರಸೀಪುರದ ಒಂದು ಅಕ್ಕಿ ಗಿರಣಿಯಿಂದ. ಮಾರನೆಯ ಬೆಳಿಗ್ಗೆಯೇ ಹೋದೆ. ಗಿರಣಿಯ ಮಾಲೀಕ ತವುಡಿನ ರಾಶಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ. ನಾಲ್ಕು ಜನ ಹಮಾಲರು ಮೂಟೆ ಎತ್ತುತ್ತಿದ್ದರು. ಒಳ್ಳೆಯ ಮಾತಿನಲ್ಲಿ ಕೇಳಬಹುದಿತ್ತು.

"ಮುಗ್ಗಿದ ನುಚ್ಚಿಗೆ ಹುಳದ ಔಷಧಿ ಹೊಡೆದು ನಮಗೆ ತಳ್ಳಿದ್ದೀರಿ. ಇದು ಕಳ್ಳತನ," ಎಂದೆ. ಗಿರಣಿಯ ಸದ್ದಿನಲ್ಲಿ ಕೇಳಲಿ ಎಂದು ಗಟ್ಟಿಯಾಗಿಯೇ ಅಂದೆ. ಅದೇ ಹೊತ್ತಿಗೆ ಕರೆಂಟು ಹೋಗಿ ಗಿರಣಿ ನಿಂತಿತು. ಮಾತು ರಸ್ತೆಯವರೆಗೂ ಹೋಯಿತು.

ಮಾಲೀಕ ಎದ್ದು, ಮೂಟೆಯ ಬಾಯಿ ಬಿಚ್ಚಿ, ಒಂದು ಹಿಡಿ ನುಚ್ಚು ಬಾಯಿಗೆ ಹಾಕಿಕೊಂಡ. ಅಗಿದು ನುಂಗುವವರೆಗೆ ನನ್ನ ಮುಖವನ್ನೇ ನೋಡಿದ.

"ತಿಂದೆ ಕಣ್ರೀ. ಸತ್ರೆ ಎಣ ಎತ್ತಕ್ಕೆ ನೀವೇ ಬನ್ನಿ. ಸಾಯ್ಲಿಲ್ಲ ಅಂದ್ರೆ ಇನ್ ಈ ಕಡೆ ತಲೆ ಆಕಬ್ಯಾಡಿ."

ಒಬ್ಬ ಹಮಾಲ ಮೂಟೆ ಹೊತ್ತೇ ನಿಂತು ಹೇಳಿದ: "ನುಚ್ಚಿನ ಡಾಕ್ಟ್ರು ಕಣ್ಲಾ. ನಾಡಿ ಇಡ್ದು ನೋಡವ್ರೆ."

ಒಂದು ಸಣ್ಣ ಚೀಲ ನುಚ್ಚನ್ನು ಸಾಕ್ಷಿಗೆಂದು ಎತ್ತಿಕೊಂಡು ಬಂದೆ. ಸ್ಕೂಟರಿನ ಮೇಲೆ ಬರುವಾಗ ಅವನ ಬಾಯಿಯ ಸದ್ದು ಕಿವಿಯಲ್ಲೇ ಇತ್ತು. ವಿಷ ಬೆರೆಸಿದವನು ಹಾಗೆ ನಿಧಾನವಾಗಿ ಅಗಿಯುವುದಿಲ್ಲ.

ಮೂರನೆಯ ಕೊಪ್ಪರಿಗೆ ಹಾಳಾದರೆ ಹದಿನಾರಿನ ಅಟ್ಟಣೆ ಬಿಚ್ಚಬೇಕು. ಆ ಅಟ್ಟಣೆ ನನ್ನ ಮಾತಿನ ಮೇಲೆ ನಿಂತಿತ್ತು. ಬಂದದ್ದಾಗಲಿ ಎಂದು ಒಲೆ ಹಚ್ಚುವಂತಿರಲಿಲ್ಲ. ಆಗ ನನ್ನ ಒಂದು ಕೆಟ್ಟ ಅಭ್ಯಾಸ ಕೈಹಿಡಿಯಿತು. ಶೆಡ್ಡಿಗೆ ಬಂದ ಪ್ರತಿ ಸರಕಿನಲ್ಲೂ ಒಂದೊಂದು ಚಮಚ ತೆಗೆದು, ಮಾತ್ರೆಯ ಖಾಲಿ ಬಾಟಲಿಗೆ ತುಂಬಿ, ಚೀಟಿ ಅಂಟಿಸಿ ಇಡುತ್ತೇನೆ. ಏನಕ್ಕೆ ಎಂದು ಕೇಳಿದರೆ ಇರಲಿ ಎನ್ನುತ್ತೇನೆ. ಮನೆಯಲ್ಲಿ ಅದಕ್ಕೆ ಔಷಧಿ ಅಂಗಡಿ ಎಂದು ಹೆಸರು. ಹುಡುಕಿದರೆ ಮೊದಲ ಮಾದರಿಯ ರಾಗಿ ಹಿಟ್ಟು ಸಿಕ್ಕಿತು.

ನಾಲ್ಕು ಸ್ಟೀಲ್ ಲೋಟ ಸಾಲಾಗಿಟ್ಟೆ. ಎರಡರಲ್ಲಿ ನರಸೀಪುರದ ನುಚ್ಚಿನ ಗಂಜಿ, ಎರಡರಲ್ಲಿ ನಮ್ಮ ಮನೆಯ ಅಕ್ಕಿಯ ಗಂಜಿ. ಪ್ರತಿ ಜೋಡಿಯಲ್ಲೂ ಒಂದಕ್ಕೆ ಹಳೆಯ ಮಾದರಿಯ ಹಿಟ್ಟು, ಇನ್ನೊಂದಕ್ಕೆ ಈಗ ಬಂದ ಹಿಟ್ಟು. ನಾಲ್ಕನ್ನೂ ಹಾಟ್‌ಬಾಕ್ಸಿನೊಳಗೆ ಬಿಸಿನೀರಿನಲ್ಲಿ ಕೂರಿಸಿದೆ. ಅರ್ಧ ಗಂಟೆ ಬಿಟ್ಟು ತೆಗೆದರೆ, ಹಳೆಯ ಹಿಟ್ಟು ಬಿದ್ದ ಎರಡು ಲೋಟ ನೀರಾಗಿದ್ದವು. ಅದರಲ್ಲೊಂದು ನಾನು ಕಳ್ಳ ಎಂದವನ ನುಚ್ಚು. ಹೊಸ ಹಿಟ್ಟು ಬಿದ್ದ ಎರಡರಲ್ಲೂ ಚಮಚ ನೆಟ್ಟಗೆ ನಿಂತಿತ್ತು.

ಎರಡು ಹಿಟ್ಟನ್ನೂ ಕಾಗದದ ಮೇಲೆ ಪಕ್ಕಪಕ್ಕ ಸುರಿದು ನೋಡಿದೆ. ಹಳೆಯದು ಮಂಕು, ಮೂಸಿದರೆ ಹಸಿ ಹುಲ್ಲಿನ ವಾಸನೆ. ಹೊಸದು ಕೆಂಪಗಿತ್ತು, ಘಮ್ಮೆನ್ನುತ್ತಿತ್ತು. ಆ ಘಮವನ್ನು ನಾನೇ ಮೆಚ್ಚಿಕೊಂಡಿದ್ದೆ.

ಮಾರನೆಯ ದಿನ ಹದಿನಾರಿಗೆ ಹೋದಾಗ ಸಂಘದ ಕಟ್ಟಡ ಕಾಣುವ ಮೊದಲೇ ವಾಸನೆ ಸಿಕ್ಕಿತು. ತಾರಸಿಯ ಮೇಲೆ ರಾಗಿ ಲಕ್ಷಣವಾಗಿ ಒಣಗುತ್ತಿತ್ತು, ಮೊಳಕೆ ಒಂದೇ ಸಮ. ಹಿತ್ತಲಿಗೆ ಹೋದರೆ ಮೂರು ಒಲೆ, ಮೂರು ಬಾಂಡ್ಲಿ. ಒಣಗಿದ ಮೊಳಕೆ ರಾಗಿಯನ್ನು ಹೆಂಗಸರು ಹುರಿಯುತ್ತಿದ್ದರು.

"ನಿಲ್ಲಿಸಿ," ಎಂದೆ.

ಯಾರೂ ನಿಲ್ಲಿಸಲಿಲ್ಲ. ಸಂಘದ ಅಧ್ಯಕ್ಷೆ, ನನ್ನದೇ ವಯಸ್ಸಿನವರು, ಕೈಯಾಡಿಸುತ್ತಲೇ ಕೇಳಿದರು:

"ಯಾಕ್ ನಿಲ್ಲಿಸ್ಬೇಕು ಸಾ? ಸೀದೋಯ್ತದೆ."

"ಹುರಿದರೆ ಮೊಳಕೆಯ ಸತ್ವ ಸಾಯುತ್ತೆ. ಸತ್ತ ಹಿಟ್ಟು ಕಳಿಸಿದ್ದೀರಿ. ಎರಡು ಕೊಪ್ಪರಿಗೆ ಎಮ್ಮೆ ಪಾಲಾಯಿತು."

"ಸತ್ವ ಸಾಯ್ತದಾ? ನಮ್ಮ ಮಕ್ಳೆಲ್ಲ ಇದೇ ಉರಿಟ್ಟು ತಿಂದು ಬೆಳ್ದವೆ. ಒಂದೂ ಸತ್ತಿಲ್ಲ." ಪಕ್ಕದ ಒಲೆಯವಳು ಸೆರಗು ಬಾಯಿಗೆ ಒತ್ತಿಕೊಂಡಳು. "ಮೊಳ್ಕೆ ಕಟ್ಟುದ್ ರಾಗಿಯ ಉರೀದೆ ಯಾರ್ಗಾರಾ ಕೊಡದುಂಟಾ? ಅಸಿ ಇಟ್ಟ ಊರಾಚೆ ಕಳ್ಸುದ್ರೆ ನಮ್ಗೆ ಮರ್ವಾದಿ ಇರದಾ?"

"ಮೊದಲು ಕೊಟ್ಟ ಮಾದರಿ ಹುರಿದಿರಲಿಲ್ಲವಲ್ಲ. ಈಗ ಯಾರನ್ನು ಕೇಳಿ ಹುರಿದಿರಿ?"

ಅವರು ಕೈ ಒರೆಸಿಕೊಂಡು ಒಳಗೆ ಹೋದರು. ಸಂಘದ ನಡಾವಳಿ ಪುಸ್ತಕದೊಳಗಿಂದ ಒಂದು ಕಾಗದ ತಂದು, ನನ್ನ ಕೈಗೆ ಕೊಡದೆ ತಾವೇ ಓದಿದರು. "ತೇವ ಇದೆ. ಹಸಿ ವಾಸನೆ ಬರುತ್ತಿದೆ. ಕಾಳು ಹಲ್ಲಿಗೆ ಕಟುಂ ಎನ್ನಬೇಕು. ಹಾಗಿಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ." ಕೊನೆಯ ವಾಕ್ಯದ ಕೆಳಗೆ ಎರಡು ಗೆರೆ ಇದ್ದವು. ಎರಡನೆಯ ಗೆರೆ ಕಾಗದವನ್ನು ಹರಿದಿತ್ತು.

ಬೀಸುವ ಮೊದಲು ತೋರಿಸಲೆಂದು ಮೊದಲ ಸರಕು ಕಾಳಾಗಿಯೇ ಬಂದ ದಿನ ನಾನು ಬರೆದ ಚೀಟಿ ಅದು. ತೇವ ನೋಡುವ ಯಂತ್ರದ ಬ್ಯಾಟರಿ ಮುಗಿದು ಡ್ರಾಯರಿನಲ್ಲಿತ್ತು. ಹೊಸದು ತರಿಸುವ ಬದಲು ಚಿಟಿಕೆ ರಾಗಿ ಬಾಯಿಗೆ ಹಾಕಿಕೊಂಡಿದ್ದೆ. ಕಟುಂ ಎನ್ನಲಿಲ್ಲ. ಅಷ್ಟೂ ಮೂಟೆ ವಾಪಸು ಕಳಿಸಿದ್ದೆ.

"ಅವತ್ತು ನಾವೆಲ್ಲ ಕಚ್ಚಿ ನೋಡುದೊ. ಎಲ್ರಿಗೂ ಕಟುಂ ಅಂತು. ನಿಮ್ಗೊಬ್ಬರ್ಗೆ ಅನ್ನಲಿಲ್ಲ. ಇನ್ನೇನ್ ಮಾಡದು? ಉರ್ದೊ. ಆಮೇಕೆ ನೀವೇ ಇನ್ನೊಂದ್ ಚೀಟಿ ಕಳ್ಸುದ್ರಿ." ಅದನ್ನೂ ಓದಿದರು. "ಈಗ ಸರಿಯಾಗಿದೆ. ಇದೇ ರೀತಿ ಕಳಿಸಿ."

ಮೂವರೂ ಹುರಿಯುವುದನ್ನು ನಿಲ್ಲಿಸಿದ್ದರು. ಅಧ್ಯಕ್ಷೆ ತಾರಸಿಯಿಂದ ಒಂದು ಚಿಟಿಕೆ ಒಣ ರಾಗಿ ತರಿಸಿ ನನ್ನ ಅಂಗೈಗೆ ಹಾಕಿದರು. ಬಾಯಿಗೆ ಹಾಕಿಕೊಂಡು ಎಡಗಡೆಗೆ ತಳ್ಳಿ, ಟೋಪಿಯ ಹಲ್ಲನ್ನು ಉಳಿಸಿಕೊಂಡು ಮೆಲ್ಲಗೆ ಅಗಿದೆ. ಸದ್ದಿಲ್ಲ. ಅವರು ಅಷ್ಟನ್ನೇ ಬಾಯಿಗೆ ಹಾಕಿಕೊಂಡರು. ಮೂರು ಮಾರು ದೂರಕ್ಕೂ ಕೇಳಿಸಿತು.

"ಸಾ, ತಪ್ಪು ತಿಳ್ಕಬ್ಯಾಡಿ. ನಿಮ್ಗೆ ಅಲ್ಲು ಎಷ್ಟವೆ?"

ಬಾಯಿ ಒರೆಸಿಕೊಂಡೆ. ಚೀಟಿಗಳನ್ನು ಕೇಳಿದೆ.

"ಅರ್ದಾಕಕ್ಕಾ?"

"ಯಜಮಾನರಿಗೆ ತೋರಿಸೋಕೆ."

"ಒಂದ್ ಕೊಡ್ತೀನಿ. ಎರ್ಡ್ನೇದು. ಗೆರೆ ಎಳ್ದಿರದು ನಮ್ ತಾವೇ ಇರ್ಲಿ, ಅದ್ಕೆ ಫೋಟೋ ಇಡ್ಕಳಿ."

ವಾಪಸು ಬರುವಾಗ ರಸ್ತೆ ಬದಿಯಲ್ಲಿ ಸ್ಕೂಟರು ನಿಲ್ಲಿಸಿದೆ. ಯಜಮಾನರಿಗೆ ಹೇಳಲು ನನ್ನ ಹತ್ತಿರ ಒಂದು ವಾಕ್ಯ ಸಿದ್ಧವಾಗಿತ್ತು: ಹೆಂಗಸರು ರಾಗಿ ಹುರಿದುಬಿಟ್ಟಿದ್ದಾರೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅದೇ ಅದರ ಅನುಕೂಲ. ಹಾಗೆ ಹೇಳಿದರೆ ಅವರು ಅದೇ ದಿನ ಕ್ಯಾನಿಗೆ ಫೋನು ಮಾಡುತ್ತಾರೆ, ನನ್ನ ಕುರ್ಚಿ ಉಳಿಯುತ್ತದೆ. ಬಹಳ ಹೊತ್ತು ಆ ವಾಕ್ಯವನ್ನು ಬಾಯಲ್ಲಿ ಹೊರಳಿಸಿದೆ. ಆ ಬಾಯನ್ನು ನಂಬಿ ಈಗಾಗಲೇ ಒಮ್ಮೆ ಕೆಟ್ಟಿದ್ದೆನಲ್ಲ, ಕೊನೆಗೆ ಚೀಟಿಯನ್ನೂ ಫೋಟೋವನ್ನೂ ಅವರ ಮೇಜಿನ ಮೇಲೆ ಇಟ್ಟೆ.

ಅವರು ಎರಡನ್ನೂ ಓದಿದರು.

"ರೀ, ಎರಡು ಥರ್ಮಾಮೀಟರ್ ಇಟ್ಕೊಂಡು ತಿರುಗ್ತೀರಲ್ಲ, ಒಂದನ್ನ ನಿಮ್ಮ ಬಾಯಿಗೆ ಇಟ್ಕೋಬಾರ್ದಿತ್ತಾ?"

ಮೇಜಿನ ಮೇಲಿನ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

"ಮಾತು ಮಾತೇ. ಮೂರನೇದು ಮಾಡಿ. ಚಿಕ್ಕಿಯವರನ್ನೂ ಅವತ್ತೇ ಕರೀತೀನಿ, ಅವರ ಮುಂದೇನೇ ಆಗ್ಲಿ. ಆಗ್ಲಿಲ್ಲ ಅಂದ್ರೆ ಅಟ್ಟಣೆ ಬಿಚ್ಚಿ ಅಂತ ನಾನು ಫೋನ್ ಮಾಡಲ್ಲ. ನೀವೇ ಹದಿನಾರಿಗೆ ಹೋಗಿ, ಎದುರಿಗೆ ನಿಂತು ಹೇಳ್ಬೇಕು. ಆಮೇಲೆ ಇಲ್ಲಿಗೆ ಬರೋದು ಬಿಡೋದು ನಿಮಗೆ ಬಿಟ್ಟಿದ್ದು. ನುಚ್ಚು ಇದೆಯಾ?"

ನುಚ್ಚು ಇರಲಿಲ್ಲ. ಬೇರೆ ಗಿರಣಿಯ ನುಚ್ಚು ತರಬಹುದಿತ್ತು, ಆದರೆ ನನ್ನ ಲೋಟಗಳು ಒಪ್ಪಿದ್ದು ಆ ಗಿರಣಿಯ ನುಚ್ಚನ್ನೇ. ಹೊಸ ಅನುಮಾನ ಸಾಕುವ ಶಕ್ತಿ ನನಗೆ ಉಳಿದಿರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಮತ್ತೆ ನರಸೀಪುರಕ್ಕೆ ಹೋದೆ.

ಮಾಲೀಕ ಅದೇ ಕುರ್ಚಿಯಲ್ಲಿದ್ದ. "ಸತ್ತಿಲ್ಲ ಕಣ್ರೀ, ನೋಡ್ಕಳಿ," ಎಂದ.

ತಪ್ಪಾಯಿತೆಂದೆ.

"ನನ್ಗ್ಯಾಕೆ ಏಳ್ತೀರಿ? ಅವತ್ತು ಏಳಿದ್ದು ನನ್ಗಾ? ಊರಿಗೆಲ್ಲ ಏಳುದ್ರಿ." ಕೈತಟ್ಟಿ ಹಮಾಲರನ್ನು ಕರೆದ. "ಲೇ, ಮಿಲ್ ಆಫ್ ಮಾಡ್ರಲಾ."

ಗಿರಣಿ ನಿಂತಿತು. ಈ ಸಲ ಕರೆಂಟು ಹೋಗಿದ್ದಲ್ಲ.

ನುಚ್ಚು ಚೆನ್ನಾಗಿತ್ತು, ಕಳ್ಳ ಎಂದದ್ದು ತಪ್ಪು, ಕೆಟ್ಟದ್ದು ನನ್ನಿಂದ ಎಂದೆ. ಮೂಟೆ ಹೊತ್ತಿದ್ದ ಅದೇ ಹಮಾಲ, "ಡಾಕ್ಟ್ರೇ, ಇನ್ನೊಂದ್ ಸಲ. ಆ ಮೂಲೆಯೋರ್ಗೆ ಕೇಳ್ನಿಲ್ಲ," ಎಂದ. ಇನ್ನೊಂದು ಸಲ ಹೇಳಿದೆ. ಮಾಲೀಕ ನಗಲಿಲ್ಲ. ನುಚ್ಚು ತೂಗಿಸಿ, ಮೂಟೆಯ ಬಾಯಿ ಬಿಚ್ಚಿ, ಒಂದು ಹಿಡಿ ನನ್ನ ಮುಂದೆ ಹಿಡಿದ.

"ತಿನ್ನಿ. ನೋಡ್ಕಂಡು ತಕ್ಕಂಡೋಗಿ."

ಎಡಗಡೆಯಲ್ಲಿ ಅಗಿದೆ. ಗಿರಣಿ ಶುರುವಾಗುವವರೆಗೆ ಅಗಿಯುತ್ತಲೇ ಇದ್ದೆ.

ಮುಂದಿನ ವಾರ ದಿನಾ ಹದಿನಾರಿಗೆ ಹೋದೆ. ರಾಗಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೂರನೆಯ ದಿನ ತಾರಸಿಗೆ ಹರಡಿದರು. ಒಂದು ಮಧ್ಯಾಹ್ನ ಮೋಡ ಕವಿಯಿತು. ಅಷ್ಟನ್ನೂ ಕೆಳಗೆ ಇಳಿಸಿ ಫ್ಯಾನು ಹಾಕಿದರು. ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಕೊಂಡು ಹೋಗಿದ್ದೆ. ನಾನು ಯಂತ್ರ ಚಾಚಿದಾಗಲೆಲ್ಲ ಅಧ್ಯಕ್ಷೆ ಮೊದಲು ಒಂದು ಚಿಟಿಕೆ ಕಚ್ಚಿ, "ಆಗಿಲ್ಲ," ಎನ್ನುವರು. ಯಂತ್ರವೂ ಆಗಿಲ್ಲ ಎನ್ನುವುದು. ಕಡೆಯ ದಿನ ಅವರು ಕಚ್ಚಿ, ನನಗೆ ಕೇಳುವಂತೆ ಇನ್ನೊಮ್ಮೆ ಕಚ್ಚಿ, "ಈಗ ಆಯ್ತು," ಎಂದರು. ಯಂತ್ರವನ್ನು ಚೀಲದಿಂದ ತೆಗೆಯಲು ನನಗೆ ನಾಚಿಕೆಯಾಯಿತು. ಆದರೂ ತೆಗೆದೆ. ಅದೂ ಹೌದೆಂದಿತು.

ಮೂರನೆಯ ಕೊಪ್ಪರಿಗೆಯ ದಿನ ಹಿಟ್ಟಿನ ಜೊತೆ ಅಧ್ಯಕ್ಷೆಯೂ ಬಂದರು. ಹಸಿ ಹಿಟ್ಟು ಏನು ಮಾಡುತ್ತದೋ ಕಣ್ಣಾರೆ ನೋಡಬೇಕಿತ್ತಂತೆ. ಮಗುಚಿದ ಕ್ರೇಟಿನ ಮೇಲೆ ಕೂತರು. ಕೊಟ್ಟ ಟೀ ಪಕ್ಕದಲ್ಲಿಟ್ಟುಕೊಂಡು ಕುಡಿಯಲಿಲ್ಲ. ಯಜಮಾನರು ಇನ್ನೊಂದು ಕಡೆ, ಮೈಸೂರಿನಿಂದ ಬಂದ ಚಿಕ್ಕಿಯವರ ಜೊತೆ. 

ಅರವತ್ತೆರಡು ಡಿಗ್ರಿ. ಹಿಟ್ಟು ಬಿತ್ತು. ಘಮ ಏನೂ ಇಲ್ಲ, ಕೊಯ್ದ ಹುಲ್ಲಿನ ಹಸಿ ವಾಸನೆ. ಕೊಪ್ಪರಿಗೆಯವನು ಮೂಗು ಮುಚ್ಚಿಕೊಂಡು ಹುಟ್ಟಾಡಿಸಿದ. ಹತ್ತು ನಿಮಿಷ ಕಳೆಯಿತು. ಅವನ ಭುಜ ಮೊದಲಿನಷ್ಟು ಏಳುತ್ತಿಲ್ಲ ಎನ್ನಿಸಿತು. ಹುಟ್ಟನ್ನು ನಡುವೆ ನೆಟ್ಟು ಕೈಬಿಟ್ಟ. ಅದು ಮೆಲ್ಲಗೆ ವಾಲಿ, ಕೊಪ್ಪರಿಗೆಯ ಅಂಚಿಗೆ ಟಣ್ ಎಂದು ಬಿತ್ತು.

"ನೀರಾಯ್ತು ಕಣ್ ಸಾ," ಎಂದ. ನನಗಲ್ಲ, ಯಜಮಾನರಿಗೆ.

ಮೂರು ಗಂಟೆ ಕಳೆದ ಮೇಲೆ ಹನಿ ಇಟ್ಟು ಅಯೋಡಿನ್ ಬಿಟ್ಟೆ. ಅಯೋಡಿನ್ ತನ್ನ ಹಳದಿಯಲ್ಲೇ ಉಳಿಯಿತು. ನಾನು ನಂಬದೆ ಇನ್ನೊಂದು ತಟ್ಟೆ ತಂದೆ. ಅದರಲ್ಲೂ ಹಳದಿ. ಮೂರನೆಯ ತಟ್ಟೆಗೆ ಕೈಹಾಕಿದಾಗ ಯಜಮಾನರು ಸಾಕು ಎಂದರು.

ಸೋಸಿ, ಕುದಿಸಿ, ಎಳೆ ಬರುವ ಹೊತ್ತಿಗೆ ಮಧ್ಯಾಹ್ನ ಮೂರೂವರೆ ಆಗಿತ್ತು. ಚಿಕ್ಕಿಯವರು ತಮ್ಮ ಬೆಲ್ಲದ ಪಾಕಕ್ಕೆ ಅದನ್ನು ಸೇರಿಸಿ, ಕಡಲೆಕಾಯಿ ಬೀಜ ಹಾಕಿ ಲಟ್ಟಿಸಿ, ಆರಿದ ಮೇಲೆ ಒಂದು ತುಂಡು ಮುರಿದರು. ಗಾಜಿನಂತೆ ಮುರಿಯಿತು. ಮೊದಲ ಬಾರಿಗೆ ಇಷ್ಟು ಕೊಡಿ ಎಂದು ಯಜಮಾನರನ್ನು ಪಕ್ಕಕ್ಕೆ ಕರೆದುಕೊಂಡು ಹೋದರು.

ಅಧ್ಯಕ್ಷೆ ಎದ್ದು ಬಂದು ಸೌಟಿನ ತುದಿಯ ಪಾಕವನ್ನು ಬೆರಳಿಗೆ ತಾಗಿಸಿ ನಾಲಗೆಗೆ ಇಟ್ಟುಕೊಂಡರು. ಇನ್ನೊಮ್ಮೆ ಇಟ್ಟುಕೊಂಡರು.

"ಸೀನೇ ಇಲ್ವಲ್ಲ ಸಾ. ಇದ್ಕಾ ಇಷ್ಟು ಕುಣುದ್ರಿ?"

ಮಾಲ್ಟೋಸ್ ಅಂದರೆ ಹಾಗೆಯೇ, ಅದರ ಕೆಲಸ ಸಿಹಿಯೊಂದೇ ಅಲ್ಲ ಎಂದು ಹೇಳಲು ಹೊರಟೆ. ಅವರು ಆಗಲೇ ಖಾಲಿ ಚೀಲಗಳನ್ನು ಕೊಡವಿ ಮಡಚುತ್ತಿದ್ದರು.

ಹದಿನಾರಿನ ರಾಗಿಯೇ ನಿಂತಿತು. ಅಟ್ಟಣೆ ಈಗ ಎರಡಾಗಿದೆ. ಒಣಗಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರವನ್ನು ಯಜಮಾನರು ನನ್ನಿಂದ ತೆಗೆದು ಅಧ್ಯಕ್ಷೆಗೆ ಕೊಟ್ಟರು. ಅವರು ಆಯ್ತು ಎಂದ ಮೇಲೆಯೇ ಮೂಟೆ ಹೊರಡಬೇಕು. ಚೀಟಿ ಬರೆಯುವುದನ್ನು ನಾನಾಗಿಯೇ ಬಿಟ್ಟೆ. ಗೆರೆ ಎಳೆದ ಆ ಚೀಟಿ ಸಂಘದ ಗೋಡೆಯ ಮೇಲಿದೆಯಂತೆ. ಹೊಸದಾಗಿ ಸೇರಿದವರಿಗೆ ಓದಿ ಹೇಳುತ್ತಾರಂತೆ. ನರಸೀಪುರದಿಂದ ನುಚ್ಚು ಬರುತ್ತದೆ, ಮಾಲೀಕ ನನ್ನ ಫೋನು ಮಾತ್ರ ಎತ್ತುವುದಿಲ್ಲ.

ಹದಿನಾರಿನ ಸರಕು ಬಂದಾಗಲೆಲ್ಲ ಮೇಲಿನ ಮೂಟೆಯ ಬಾಯಿಯಲ್ಲಿ ಒಂದು ಸಣ್ಣ ಪೊಟ್ಟಣ ಸಿಕ್ಕಿಸಿರುತ್ತದೆ. ಮೊದಲ ಸಲ ಏನೆಂದು ತಿಳಿಯದೆ ಗಾಡಿಯವನನ್ನು ಕೇಳಿದೆ.

"ನಿಮ್ಗೇ ಅಂತೆ ಸಾ. ಚೆನ್ನಾಗಿ ಉರ್ದವ್ರಂತೆ. ನಿಮ್ಮ ಅಲ್ಲಿಗೆ ಕಟುಂ ಅಂತದೋ ಇಲ್ವೋ ನೋಡಿ ಏಳ್ಬೇಕಂತೆ."

ಕೊಪ್ಪರಿಗೆಯವನು ಹುಟ್ಟು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಎಡಗಡೆಗೆ ತಳ್ಳಿದೆ. ಕಟುಂ ಅನ್ನುತ್ತದೆ ಎಂದು ಹೇಳಿ ಕಳಿಸಿದೆ.